ಮಕ್ಕಳ ಆತಂಕಕ್ಕೆ ಆನ್‌ಲೈನ್ ಸಿಬಿಟಿ: ಶಾಲೆಯೊಳಗೆ ತರುವುದೆಂದರೆ ಏನು?

ಇಂಗ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಮಕ್ಕಳ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳಲ್ಲಿ ಆತಂಕದಿಂದ ಬಳಲುವ ಒಂದು ಮಗುವಿಗೆ ಥೆರಪಿಸ್ಟ್ ಒಬ್ಬರು ಸರಾಸರಿ 307 ನಿಮಿಷ ಕೊಡುತ್ತಿದ್ದರು. ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ ಮಾನಸಿಕ ಚಿಕಿತ್ಸೆಯಲ್ಲಿ ಪಾಠ ಹೇಳಿಕೊಡುವ ಭಾಗವನ್ನು ವೆಬ್‌ಸೈಟಿಗೆ ಹಾಕಿ, ಉಳಿದದ್ದನ್ನು ಫೋನಿನಲ್ಲಿ ಮಾತಾಡಿದಾಗ 182 ನಿಮಿಷ ಸಾಕಾಯಿತು. ಮಕ್ಕಳ ಚೇತರಿಕೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. 2024ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಬಂದ ಈ ಅಧ್ಯಯನದ ಹೆಸರು ಕೋ-ಕ್ಯಾಟ್. 5ರಿಂದ 12 ವರ್ಷದ ಮಕ್ಕಳಿರುವ 444 ಕುಟುಂಬಗಳು ಅದರಲ್ಲಿ ಭಾಗವಹಿಸಿದ್ದವು. ನಡೆಸಿದ್ದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಥಿ ಕ್ರೆಸ್‌ವೆಲ್ ಅವರ ತಂಡ.

ಆನ್‌ಲೈನ್ ಥೆರಪಿ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಒಂದು ಆ್ಯಪ್. ಮಗುವಿನ ಕೈಗೆ ಟ್ಯಾಬ್ ಕೊಡು, ಹೆಡ್‌ಫೋನ್ ಹಾಕು, ಆರು ವಾರ ಬಿಟ್ಟು ನೋಡು. ಮೇಲಿನ ಲೆಕ್ಕ ಹೇಳುವುದೇ ಬೇರೆ. ವೆಬ್‌ಸೈಟ್ ಬಂದ ಮೇಲೂ ಮೂರು ಗಂಟೆಯಷ್ಟು ಕೆಲಸ ಮನುಷ್ಯರ ಪಾಲಿಗೇ ಉಳಿದಿದೆ. ಆನ್‌ಲೈನ್ ಸಿಬಿಟಿಯನ್ನು ಶಾಲೆಗೆ ತರುವ ಮಾತು ಬಂದಾಗಲೆಲ್ಲ ನಾನು ಮೊದಲು ಕೇಳುವುದು ಈ ಮೂರು ಗಂಟೆಯ ಬಗ್ಗೆ: ಅದನ್ನು ಕೊಡುವವರು ಯಾರು? ಆ್ಯಪ್ ಯಾವುದು, ಎಷ್ಟು ಬಣ್ಣಬಣ್ಣವಾಗಿದೆ ಎಂಬುದು ಆಮೇಲಿನ ಮಾತು.

ಸಿಬಿಟಿ ನಿಜಕ್ಕೂ ಏನು ಮಾಡುತ್ತದೆ

ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಅಂದರೆ ‘ಪಾಸಿಟಿವ್ ಆಗಿ ಯೋಚಿಸು’ ಎನ್ನುವುದು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಒಂದು ಉದಾಹರಣೆ ಹಿಡಿದು ನೋಡೋಣ. ಒಂಬತ್ತು ವರ್ಷದ ಹುಡುಗಿ, ಕ್ಲಾಸಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದಬೇಕೆಂದರೆ ನಡುಕ. ಅವಳ ಸರದಿ ಹತ್ತಿರ ಬಂದಂತೆ ಮನಸ್ಸಿಗೆ ಬರುವ ಮಾತು: ‘ತಪ್ಪು ಓದುತ್ತೇನೆ, ಎಲ್ಲರೂ ನಗುತ್ತಾರೆ.’ ಕೈ ಬೆವರುತ್ತದೆ, ಹೊಟ್ಟೆ ಹಿಂಡುತ್ತದೆ. ಟೀಚರ್ ಹತ್ತಿರ ಟಾಯ್ಲೆಟ್ಟಿಗೆ ಹೋಗಬೇಕು ಎನ್ನುತ್ತಾಳೆ. ಹೊರಗೆ ಬಂದ ಕ್ಷಣಕ್ಕೆ ಹಾಯೆನಿಸುತ್ತದೆ. ತೊಂದರೆ ಬೇರೂರುವುದು ಈ ಹಾಯೆನಿಸುವ ಕ್ಷಣದಲ್ಲೇ. ತಪ್ಪಿಸಿಕೊಂಡಿದ್ದಕ್ಕೆ ಬಚಾವಾದೆ ಎಂದು ಮನಸ್ಸು ಕಲಿಯುತ್ತದೆ, ಮುಂದಿನ ಸಲ ಭಯ ಒಂದು ಗೇಣು ಬೆಳೆದಿರುತ್ತದೆ. ಒಂದೆರಡು ತಿಂಗಳಲ್ಲಿ ಓದುವ ಪೀರಿಯಡ್ ಇರುವ ದಿನ ಬೆಳಿಗ್ಗೆಯೇ ಹೊಟ್ಟೆನೋವು. ಮಗು ಸುಳ್ಳು ಹೇಳುತ್ತಿರುವುದಿಲ್ಲ, ಹೊಟ್ಟೆ ನಿಜವಾಗಿಯೂ ನೋಯುತ್ತಿರುತ್ತದೆ.

ಸಿಬಿಟಿ ಈ ಸುತ್ತನ್ನು ಮುರಿಯುವುದು ಧೈರ್ಯ ತುಂಬುವ ಮಾತಿನಿಂದಲ್ಲ, ಪರೀಕ್ಷೆಯಿಂದ. ‘ಯಾರೂ ನಗಲ್ಲ ಬಿಡು’ ಎಂದು ಅಮ್ಮ ಹೇಳಿದರೆ ಮಗು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಬದಲಿಗೆ ಕೇಳುವುದು: ‘ಎಷ್ಟು ಜನ ನಗಬಹುದು ಅನ್ನಿಸುತ್ತೆ? ಸಂಖ್ಯೆ ಬರಿ.’ ಇಪ್ಪತ್ತು ಎಂದು ಬರೆಯುತ್ತಾಳೆ. ಆಮೇಲೆ ಒಂದು ಏಣಿ. ಮೊದಲ ಮೆಟ್ಟಿಲು ಮನೆಯಲ್ಲಿ ಅಮ್ಮನ ಮುಂದೆ ಒಂದು ಪ್ಯಾರಾ. ಎರಡನೆಯದು ಫೋನಿನಲ್ಲಿ ರೆಕಾರ್ಡ್ ಮಾಡಿ ಅಜ್ಜಿಗೆ ಕಳಿಸುವುದು. ಮುಂದೆ ಖಾಲಿ ಕ್ಲಾಸ್‌ರೂಮಿನಲ್ಲಿ ಟೀಚರ್ ಒಬ್ಬರ ಎದುರು. ಆಮೇಲೆ ಇಬ್ಬರು ಗೆಳತಿಯರ ಎದುರು. ಆಮೇಲೆ ಕ್ಲಾಸಿನಲ್ಲಿ ಕೂತಲ್ಲೇ ಒಂದು ವಾಕ್ಯ. ಕೊನೆಯ ಮೆಟ್ಟಿಲು ನನಗೆ ಬಹಳ ಇಷ್ಟ: ಎದ್ದು ನಿಂತು ಓದುವಾಗ ಒಂದು ಪದವನ್ನು ಬೇಕೆಂದೇ ತಪ್ಪು ಓದುವುದು. ಓದಿ ಕೂತ ಮೇಲೆ ಎಣಿಕೆ. ಇಬ್ಬರು ನಕ್ಕರು, ಒಬ್ಬ ಕಿಟಕಿ ಕಡೆ ನೋಡುತ್ತಿದ್ದ, ಉಳಿದವರಿಗೆ ಗೊತ್ತೇ ಆಗಲಿಲ್ಲ. ಇಪ್ಪತ್ತು ಮತ್ತು ಎರಡರ ನಡುವಿನ ಅಂತರವೇ ಆ ವಾರದ ಚಿಕಿತ್ಸೆ. ಇಬ್ಬರು ನಕ್ಕದ್ದೂ ಪರವಾಗಿಲ್ಲ. ನಕ್ಕರೂ ತಾನು ತಾಳಿಕೊಳ್ಳಬಲ್ಲೆ ಎಂಬುದು ಅವಳಿಗೆ ಅವತ್ತೇ ಗೊತ್ತಾಯಿತಲ್ಲ.

ಇದರಲ್ಲಿ ಯಾವ ಭಾಗವನ್ನು ಪರದೆಯ ಮೇಲೆ ಹಾಕಬಹುದು? ಭಯ ಹೇಗೆ ಬೆಳೆಯುತ್ತದೆ ಎಂಬ ವಿವರಣೆಯನ್ನು ಹಾಕಬಹುದು, ಪ್ರತಿ ಮಗುವಿಗೂ ಅದು ಒಂದೇ. ಏಣಿ ಕಟ್ಟುವ ವಿಧಾನ, ಊಹೆ ಬರೆಯುವ ಖಾನೆ, ಪ್ರತಿ ವಾರದ ಪ್ರಶ್ನಾವಳಿ, ಬೇರೆ ಮಕ್ಕಳ ಕಥೆಯ ವಿಡಿಯೊ, ಇವೆಲ್ಲ ಸಲೀಸು. ಥೆರಪಿಸ್ಟ್ ಇದನ್ನೇ ದಿನಕ್ಕೆ ಐದು ಸಲ ಐದು ಮನೆಯವರಿಗೆ ಹೇಳುತ್ತಾ ಕೂರುವುದಕ್ಕಿಂತ ಒಂದು ಸಲ ಚೆನ್ನಾಗಿ ಮಾಡಿಟ್ಟರೆ ಲಾಭವೇ. ಆದರೆ ಏಣಿ ಹತ್ತುವುದು ಪರದೆಯ ಮೇಲೆ ಆಗುವುದಿಲ್ಲ. ನೀರಿಗಿಳಿಯದೆ ಈಜು ಬಂದೀತೇ?

ಮಗುವಿಗಲ್ಲ, ಪೋಷಕರಿಗೆ ಪಾಠ

ಕೋ-ಕ್ಯಾಟ್‌ನಲ್ಲಿ ಬಳಸಿದ ಕಾರ್ಯಕ್ರಮದ ಹೆಸರು ಓಸಿ, ಅಂದರೆ ‘ಆನ್‌ಲೈನ್ ಸಪೋರ್ಟ್ ಆ್ಯಂಡ್ ಇಂಟರ್ವೆನ್ಶನ್’. ಇದರಲ್ಲಿ ಲಾಗಿನ್ ಆಗುವುದು ಮುಖ್ಯವಾಗಿ ಅಪ್ಪ ಅಥವಾ ಅಮ್ಮ. ಮಗುವಿಗೆ ಬೇಕಿದ್ದರೆ ಆಡಲು ಒಂದು ಗೇಮ್ ಇದೆ, ಅಷ್ಟೇ. ವಾರಕ್ಕೊಂದರಂತೆ ಏಳು ಪಾಠ. ಪೋಷಕರು ರಾತ್ರಿ ಮಗು ಮಲಗಿದ ಮೇಲೆ ಒಂದು ಪಾಠ ಮುಗಿಸುತ್ತಾರೆ, ಆ ವಾರ ಥೆರಪಿಸ್ಟ್ ಸುಮಾರು 20 ನಿಮಿಷ ಫೋನ್ ಮಾಡುತ್ತಾರೆ. ಏಳೂ ಮುಗಿದ ಮೇಲೆ ಸ್ವಲ್ಪ ದಿನ ಬಿಟ್ಟು ಒಂದು ಮರುಪರಿಶೀಲನೆಯ ಕರೆ.

ಚಿಕ್ಕ ಮಕ್ಕಳಿಗೆ ಈ ದಾರಿ ಹಿಡಿದದ್ದಕ್ಕೆ ಕಾರಣ ಸರಳ. ಎಂಟು ವರ್ಷದ ಮಗು ತನ್ನ ಯೋಚನೆಯನ್ನು ಖಾನೆಯಲ್ಲಿ ಬರೆದು ವಿಶ್ಲೇಷಿಸುತ್ತದೆ ಎಂದು ನಿರೀಕ್ಷಿಸುವುದು ಹೆಚ್ಚಾಯಿತು. ಮಗುವಿನ ಜೊತೆ ದಿನವಿಡೀ ಇರುವವರು ಮನೆಯವರು; ಭಯ ಹುಟ್ಟುವ ಸಂದರ್ಭ ಬರುವುದು ಬುಧವಾರ ಸಂಜೆ ನಾಲ್ಕಕ್ಕೆ, ಥೆರಪಿಸ್ಟ್ ಅಪಾಯಿಂಟ್‌ಮೆಂಟ್ ದಿನವಲ್ಲ. ಹಾಗಾಗಿ ಪೋಷಕರನ್ನೇ ತಯಾರು ಮಾಡುವುದು. ಇಲ್ಲಿ ಕಲಿಯಬೇಕಾದದ್ದರಲ್ಲಿ ಅತಿ ಕಷ್ಟದ್ದು ಸುಮ್ಮನಿರುವುದು. ಮಗು ಅಂಗಡಿಯವನ ಹತ್ತಿರ ಮಾತಾಡಲು ಹಿಂಜರಿದಾಗ ಅಪ್ಪ ತಾನೇ ಮಾತಾಡಿಬಿಡುತ್ತಾನೆ. ಪ್ರೀತಿಯಿಂದಲೇ ಮಾಡಿದ್ದು, ಆದರೆ ಮಗುವಿನ ಪಾಲಿಗೆ ಅದೂ ತಪ್ಪಿಸಿಕೊಳ್ಳುವ ದಾರಿಯೇ. ‘ಏನಾಗಬಹುದು ಅಂತ ನಿನಗನ್ನಿಸುತ್ತೆ?’ ಎಂದು ಕೇಳಿ, ಉತ್ತರಕ್ಕೆ ಕಾಯುವುದನ್ನು ಏಳು ವಾರದಲ್ಲಿ ಕಲಿಸುವುದು ಸಣ್ಣ ಕೆಲಸವಲ್ಲ.

20 ನಿಮಿಷದ ಆ ಕರೆಯಲ್ಲಿ ಆಗುವುದೇನು? ಪಾಠ ಮತ್ತೆ ಒಪ್ಪಿಸುವುದಿಲ್ಲ. ಮೂರನೆಯ ಮೆಟ್ಟಿಲು ಯಾಕೆ ಆಗಲಿಲ್ಲ? ಅಜ್ಜಿ ಮಧ್ಯೆ ಬಂದು ‘ಪಾಪ, ಬಿಡಿ’ ಅಂದರೇ? ಎರಡಕ್ಕೂ ಮೂರಕ್ಕೂ ಅಂತರ ಜಾಸ್ತಿಯಾಯಿತೇ, ನಡುವೆ ಇನ್ನೊಂದು ಮೆಟ್ಟಿಲು ಬೇಕೇ? ಅಮ್ಮನಿಗೇ ಜನರೆದುರು ಮಾತಾಡಲು ಭಯವೇ? ಇಂಥ ಪ್ರಶ್ನೆಗಳಿಗೆ ವೆಬ್‌ಸೈಟ್ ಹತ್ತಿರ ಉತ್ತರವಿಲ್ಲ. ಇನ್ನೊಂದು ಲಾಭವೂ ಇದೆ: ಗುರುವಾರ ಫೋನ್ ಬರುತ್ತದೆ ಎಂದು ಗೊತ್ತಿದ್ದರೆ ಬುಧವಾರ ರಾತ್ರಿಯಾದರೂ ಪಾಠ ತೆರೆಯುತ್ತೇವೆ. ನಮ್ಮ ಹೋಮ್‌ವರ್ಕ್ ಚರಿತ್ರೆ ನಮಗೆ ಗೊತ್ತಿಲ್ಲವೇ.

ಕರೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದಲ್ಲಿ ಒಳ್ಳೆಯ ದಾಖಲೆ ಇದೆ. ಅಲ್ಲಿನ ಬ್ರೇವ್ ಎಂಬ ಆನ್‌ಲೈನ್ ಸಿಬಿಟಿ ಕಾರ್ಯಕ್ರಮ ಥೆರಪಿಸ್ಟ್ ಬೆಂಬಲದೊಂದಿಗೆ ಕೊಟ್ಟಾಗ, ಹದಿಹರೆಯದವರಲ್ಲಿ ಕ್ಲಿನಿಕ್ಕಿಗೆ ಬಂದವರಷ್ಟೇ ಫಲ ಕೊಟ್ಟಿತ್ತು. ಆಮೇಲೆ ಅದನ್ನೇ ಯಾರು ಬೇಕಾದರೂ ಉಚಿತವಾಗಿ, ಬೆಂಬಲವಿಲ್ಲದೆ ಬಳಸುವಂತೆ ದೇಶಕ್ಕೆಲ್ಲ ತೆರೆದಿಟ್ಟರು. ಸಾವಿರಾರು ಮಕ್ಕಳು ಸೇರಿಕೊಂಡರು, ಮುಂದುವರಿಸಿದವರಿಗೆ ಪ್ರಯೋಜನವೂ ಆಯಿತು. ಆದರೆ ಹೆಚ್ಚಿನವರು ಮೊದಲ ಕೆಲವು ಪಾಠಗಳನ್ನು ದಾಟಲಿಲ್ಲ. ಅಂಥದೇ ಮತ್ತೊಂದು ಆನ್‌ಲೈನ್ ಸಿಬಿಟಿ ಕಾರ್ಯಕ್ರಮ, ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಮೂಡ್‌ಜಿಮ್. ಅದನ್ನು ಮನೆಯಿಂದ ತಾವಾಗಿಯೇ ತೆರೆದ ಹದಿಹರೆಯದವರಿಗಿಂತ, ಶಾಲೆಯಲ್ಲಿ ಪೀರಿಯಡ್ ಗೊತ್ತುಮಾಡಿ ಕೂರಿಸಿದವರು ಸರಾಸರಿ ಮೂರು ಪಟ್ಟು ಹೆಚ್ಚು ಅಭ್ಯಾಸ ಮುಗಿಸಿದ್ದರು. ಕಾರ್ಯಕ್ರಮ ಅದೇ, ವಯಸ್ಸು ಅದೇ, ಬದಲಾದದ್ದು ಟೈಮ್‌ಟೇಬಲ್.

ಶಾಲೆಯ ಕಡೆ ಕಣ್ಣು ಹೋಗಲು ಇದು ಮೊದಲ ಕಾರಣ. ಎರಡನೆಯದು ಸರದಿ. ಇಂಗ್ಲೆಂಡಿನಲ್ಲಿ 5ರಿಂದ 16 ವರ್ಷದ ಮಕ್ಕಳಲ್ಲಿ ಮಾನಸಿಕ ತೊಂದರೆ ಇರಬಹುದಾದವರ ಪ್ರಮಾಣ 2017ರಲ್ಲಿ ಒಂಬತ್ತರಲ್ಲಿ ಒಬ್ಬರಿದ್ದದ್ದು 2020ರ ಹೊತ್ತಿಗೆ ಆರರಲ್ಲಿ ಒಬ್ಬರಾಯಿತು. ಕ್ಯಾಮ್ಸ್ ಎಂದು ಕರೆಯುವ ಅಲ್ಲಿನ ಮಕ್ಕಳ ಮಾನಸಿಕ ಆರೋಗ್ಯ ಸೇವೆಯಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಸೌಮ್ಯ ಆತಂಕದ ಮಗು ಸರದಿಯ ಕೊನೆಗೆ. ಕಾಯುವಷ್ಟರಲ್ಲಿ ಸೌಮ್ಯವಾದದ್ದು ಸೌಮ್ಯವಾಗಿ ಉಳಿಯುವುದಿಲ್ಲ.

ಶಾಲೆ ಕೊಡುವುದು ಕ್ಲಿನಿಕ್ ಕೊಡಲಾರದ್ದು

2017ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಒಂದು ಹಸಿರು ಪತ್ರ (ಚರ್ಚೆಗಿಡುವ ನೀತಿ ಪ್ರಸ್ತಾವ) ಹೊರಡಿಸಿ, ಶಾಲೆಗಳಿಗೆಂದೇ ಮೆಂಟಲ್ ಹೆಲ್ತ್ ಸಪೋರ್ಟ್ ಟೀಮ್‌ಗಳನ್ನು ಕಟ್ಟುವ ಯೋಜನೆ ಮುಂದಿಟ್ಟಿತು. ಒಂದು ತಂಡಕ್ಕೆ ಸುಮಾರು 8,000 ಮಕ್ಕಳು. ತಂಡದ ಬೆನ್ನೆಲುಬು ಒಂದು ಹೊಸ ಹುದ್ದೆ, ಎಜುಕೇಶನ್ ಮೆಂಟಲ್ ಹೆಲ್ತ್ ಪ್ರಾಕ್ಟೀಷನರ್. ಇವರು ಮನೋವೈದ್ಯರಲ್ಲ, ಕ್ಲಿನಿಕಲ್ ಸೈಕಾಲಜಿಸ್ಟೂ ಅಲ್ಲ. ಒಂದು ವರ್ಷದ ತರಬೇತಿ ಪಡೆದು, ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಆತಂಕ, ಮಂಕು ಮನಸ್ಥಿತಿ, ನಡವಳಿಕೆಯ ಸಮಸ್ಯೆಗಳಿಗೆ ಸಿಬಿಟಿ ಆಧಾರಿತ ನೆರವು ಕೊಡುವವರು. ಪ್ರಾಥಮಿಕ ಶಾಲೆಯ ಮಕ್ಕಳ ಆತಂಕಕ್ಕೆ ಅವರು ಹಿಡಿಯುವುದು ಪೋಷಕರ ಮೂಲಕ ಹೋಗುವ ಇದೇ ದಾರಿ. 2023ರ ಫೆಬ್ರವರಿಯಲ್ಲಿ ಅಲ್ಲಿನ ವೈದ್ಯಕೀಯ ಮಾರ್ಗದರ್ಶಿ ಸಂಸ್ಥೆ ನೈಸ್, ಮಕ್ಕಳಿಗಾಗಿ ಮಾರ್ಗದರ್ಶನ ಸಹಿತ ಡಿಜಿಟಲ್ ಸಿಬಿಟಿಯನ್ನು ಸಾಕ್ಷ್ಯ ಕಲೆಹಾಕುತ್ತಲೇ ಬಳಸಬಹುದು ಎಂದಿತು. ಓಸಿಯೂ ಲೂಮಿ ನೋವಾ ಎಂಬ ಗೇಮೂ ಆ ಪಟ್ಟಿಯಲ್ಲಿವೆ. ಅದರಲ್ಲಿ ಒತ್ತು ಬಿದ್ದಿದ್ದು ‘ಮಾರ್ಗದರ್ಶನ ಸಹಿತ’ ಎಂಬುದರ ಮೇಲೆ.

ಈಗ ನಮ್ಮ ಒಂಬತ್ತರ ಹುಡುಗಿಯ ಏಣಿಗೆ ಮರಳೋಣ. ಮೊದಲ ಎರಡು ಮೆಟ್ಟಿಲು ಮನೆಯಲ್ಲಿವೆ. ಉಳಿದವೆಲ್ಲ ಶಾಲೆಯಲ್ಲಿವೆ. ಕ್ಲಿನಿಕ್ಕಿನಲ್ಲಿ ಕೂತ ಥೆರಪಿಸ್ಟ್ ಹತ್ತಿರ ಕ್ಲಾಸ್‌ರೂಮ್ ಇಲ್ಲ, ನಗುವ ಹುಡುಗರಿಲ್ಲ, ಕ್ಯಾಂಟೀನಿನ ಗದ್ದಲವಿಲ್ಲ, ಅಮ್ಮನ ಕೈಬಿಟ್ಟು ಒಳಹೋಗಬೇಕಾದ ಗೇಟ್ ಇಲ್ಲ. ಮಕ್ಕಳ ಆತಂಕದ ಬಹುಪಾಲು ಸನ್ನಿವೇಶ ಇರುವುದು ಶಾಲೆಯ ಕಾಂಪೌಂಡಿನೊಳಗೆ. ಆದ್ದರಿಂದ ಶಾಲೆಯಲ್ಲಿ ಆನ್‌ಲೈನ್ ಸಿಬಿಟಿ ಎಂದರೆ ಕಂಪ್ಯೂಟರ್ ಲ್ಯಾಬಿನಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸುವುದು ಎಂದುಕೊಂಡರೆ ಶಾಲೆಯ ನಿಜವಾದ ಉಪಯೋಗವನ್ನೇ ಬಿಟ್ಟಂತೆ. ಪಾಠ ಎಲ್ಲಿ ಬೇಕಾದರೂ ಓದಬಹುದು. ಪ್ರಯೋಗ ನಡೆಯುವ ಜಾಗ ಮಾತ್ರ ಇದೇ.

ಅದಕ್ಕೆ ಕ್ಲಾಸ್ ಟೀಚರ್ ಜೊತೆಗಿರಬೇಕು. ಒಳ್ಳೆಯ ಟೀಚರ್‌ಗಳು ಭಯಪಡುವ ಮಗುವನ್ನು ಓದಿಸುವುದನ್ನೇ ಬಿಟ್ಟುಬಿಟ್ಟಿರುತ್ತಾರೆ. ‘ಅವಳಿಗೆ ಕಷ್ಟ, ಒತ್ತಾಯ ಬೇಡ’ ಎಂಬ ಕರುಣೆ. ಅಪ್ಪ ಅಂಗಡಿಯಲ್ಲಿ ಮಾಡಿದ್ದೇ ಇಲ್ಲೂ ಆಗುತ್ತಿದೆ. ಇನ್ನು ಕೆಲವರು ಒಮ್ಮೆಗೇ ವೇದಿಕೆ ಹತ್ತಿಸಿ ‘ಭಯ ಬಿಡಿಸುತ್ತಾರೆ’. ಎರಡೂ ಏಣಿಗೆ ವಿರುದ್ಧ. ಟೀಚರ್‌ಗೆ ಬೇಕಾದದ್ದು ಸಿಬಿಟಿ ಡಿಪ್ಲೊಮಾ ಅಲ್ಲ, ಒಂದು ಸಣ್ಣ ಚೀಟಿ: ಈ ವಾರ ಇವಳು ಕೂತಲ್ಲೇ ಒಂದು ವಾಕ್ಯ ಓದುತ್ತಾಳೆ, ಓದಿದ ಮೇಲೆ ವಿಶೇಷವಾಗಿ ಹೊಗಳಿ ಎಲ್ಲರ ಕಣ್ಣು ಅವಳ ಮೇಲೆ ಬೀಳುವಂತೆ ಮಾಡಬೇಡಿ, ಟಾಯ್ಲೆಟ್ ಎಂದರೆ ‘ಓದಿ ಹೋಗು’ ಎನ್ನಿ. ಮನೆಯವರ ಒಪ್ಪಿಗೆ ಪಡೆದು ಈ ಚೀಟಿಯನ್ನು ತಲುಪಿಸುವ ಕೆಲಸ ಆ ಪ್ರಾಕ್ಟೀಷನರ್‌ದು.

ಹಾಗಾದರೆ ಟೀಚರೇ ಇಡೀ ಚಿಕಿತ್ಸೆ ನಡೆಸಿದರೆ ಆಗದೇ? ಸರ್ಕಾರಗಳಿಗೆ ಬಹಳ ಹಿಡಿಸುವ ಯೋಚನೆ, ಖರ್ಚಿಲ್ಲವಲ್ಲ. ಬಾತ್ ವಿಶ್ವವಿದ್ಯಾಲಯದ ಪಾಲ್ ಸ್ಟಾಲರ್ಡ್ ತಂಡ ಇದನ್ನು 40 ಪ್ರಾಥಮಿಕ ಶಾಲೆಗಳಲ್ಲಿ 9-10 ವರ್ಷದ ಮಕ್ಕಳ ಮೇಲೆ ನೇರವಾಗಿ ಪರೀಕ್ಷಿಸಿತು. ಕಾರ್ಯಕ್ರಮ ಒಂದೇ, ಸಿಬಿಟಿ ಆಧಾರಿತ ತರಗತಿ ಪಾಠ, ಪರದೆ ಇಲ್ಲದ್ದು. ಕೆಲವು ಶಾಲೆಗಳಲ್ಲಿ ಹೊರಗಿನ ಆರೋಗ್ಯ ಸಿಬ್ಬಂದಿ ನಡೆಸಿದರು, ಕೆಲವಲ್ಲಿ ಶಾಲೆಯವರೇ. 2014ರಲ್ಲಿ ಬಂದ ಫಲಿತಾಂಶ: ಒಂದು ವರ್ಷದ ಬಳಿಕ ಆರೋಗ್ಯ ಸಿಬ್ಬಂದಿ ನಡೆಸಿದ ಕಡೆ ಆತಂಕ ಹೆಚ್ಚು ಇಳಿದಿತ್ತು, ಶಾಲೆಯವರು ನಡೆಸಿದ ಕಡೆ ಮಾಮೂಲು ತರಗತಿಗಿಂತ ಹೆಚ್ಚೇನೂ ಇಳಿದಿರಲಿಲ್ಲ. ಟೀಚರ್‌ಗಳು ಕೆಟ್ಟದಾಗಿ ಮಾಡಿದರು ಎಂದಲ್ಲ. ಪೋರ್ಷನ್ ಮುಗಿಸುವ ಧಾವಂತದಲ್ಲಿ ಪಾಠದ ಒಂದು ಭಾಗವನ್ನು ಹಾರಿಸುವುದು ಯಾರಿಗಾದರೂ ಸಹಜ; ಜೊತೆಗೆ, ನಾಳೆ ತನಗೆ ಮಾರ್ಕ್ಸ್ ಹಾಕುವವರ ಎದುರು ಮಗು ತನ್ನ ಭಯವನ್ನು ಬಿಚ್ಚಿಡುವುದು ಕಷ್ಟ. ಇದು ನನ್ನ ಊಹೆ, ಅಧ್ಯಯನದ ತೀರ್ಮಾನವಲ್ಲ.

ಎಲ್ಲ ಮಕ್ಕಳಿಗೋ, ಬೇಕಾದವರಿಗೋ

ಇಡೀ ಕ್ಲಾಸಿಗೆ ಕೊಟ್ಟರೆ ಯಾರಿಗೂ ಹಣೆಪಟ್ಟಿ ಬೀಳುವುದಿಲ್ಲ, ಆಡಳಿತಕ್ಕೂ ಸುಲಭ. ಆಸ್ಟ್ರೇಲಿಯಾದ 30 ಶಾಲೆಗಳಲ್ಲಿ 1,477 ವಿದ್ಯಾರ್ಥಿಗಳಿಗೆ ಮೂಡ್‌ಜಿಮ್ ಅನ್ನು ವಾರಕ್ಕೊಂದು ಪೀರಿಯಡ್‌ನಂತೆ ಐದು ವಾರ ಕೊಟ್ಟಾಗ ಆತಂಕ ಸ್ವಲ್ಪ ತಗ್ಗಿತು. ಖಿನ್ನತೆಯ ಲಕ್ಷಣ ತಗ್ಗಿದ್ದು ಹುಡುಗರಲ್ಲಿ ಮಾತ್ರ. ಆದರೆ ಬ್ರಿಟನ್ನಿನಲ್ಲಿ ಸ್ಟಾಲರ್ಡ್ ತಂಡವೇ ಎಂಟು ಪ್ರೌಢಶಾಲೆಗಳಲ್ಲಿ ಖಿನ್ನತೆ ತಡೆಯಲು ತರಗತಿ ಸಿಬಿಟಿ ನಡೆಸಿದಾಗ, 2012ರ ವರದಿಯ ಪ್ರಕಾರ, ಅದು ಮಾಮೂಲು ತರಗತಿಗಿಂತ ಉತ್ತಮವಾಗಲಿಲ್ಲ. 85 ಶಾಲೆಗಳ ಮಿರಿಯಡ್ ಅಧ್ಯಯನದಲ್ಲಿ ಮೈಂಡ್‌ಫುಲ್‌ನೆಸ್ (ಮನಸ್ಸನ್ನು ಈ ಕ್ಷಣದಲ್ಲಿ ನಿಲ್ಲಿಸುವ ಅಭ್ಯಾಸ) ಪಾಠದ ಕತೆಯೂ ಹೀಗೇ ಮುಗಿಯಿತು. ಅದು ಸಿಬಿಟಿ ಅಲ್ಲ, ನಿಜ, ಆದರೆ ‘ಎಲ್ಲರಿಗೂ ಒಂದೇ ಮದ್ದು’ ಎಂಬ ಯೋಚನೆ ಅಲ್ಲಿಯದೂ ಅದೇ. ತೊಂದರೆ ಇಲ್ಲದ ಮಗುವಿಗೆ ತನ್ನ ಭಯವನ್ನು ಹುಡುಕಿ ಹುಡುಕಿ ಬರೆಯಲು ಹೇಳುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಬೇಕಾದವರಿಗೆ ಮಾತ್ರ ಎಂದರೆ ಬೇಕಾದವರು ಯಾರು ಎಂದು ಕಂಡುಹಿಡಿಯಬೇಕು. ಗಲಾಟೆ ಮಾಡುವ ಮಗು ಟೀಚರ್ ಕಣ್ಣಿಗೆ ತಾನಾಗಿ ಬೀಳುತ್ತದೆ. ಆತಂಕದ ಮಗು ಬಹಳ ಸಲ ಕ್ಲಾಸಿನ ಅತಿ ಸೌಮ್ಯ, ಅಚ್ಚುಕಟ್ಟಾದ ಮಗು. ಅದರ ಬಗ್ಗೆ ದೂರೇ ಇರುವುದಿಲ್ಲ. ಹಾಗಾಗಿ ಐ-ಕ್ಯಾಟ್ಸ್ ಎಂಬ ಇಂಗ್ಲೆಂಡಿನ ಯೋಜನೆಯಲ್ಲಿ 8-9 ವರ್ಷದ ಮಕ್ಕಳಿರುವ ಇಯರ್ ಫೋರ್ ತರಗತಿಯ ಎಲ್ಲ ಪೋಷಕರಿಗೂ ಒಂದು ಚಿಕ್ಕ ಪ್ರಶ್ನಾವಳಿ ಕಳಿಸಿ, ಆತಂಕ ಇರುವಂತೆ ಕಂಡ ಮಕ್ಕಳ ಮನೆಯವರಿಗೆ ಪತ್ರ ಬರೆದು, ಓಸಿಯ ನೆರವು ಮುಂದಿಡುವ ದಾರಿ ಮಾಡಿದರು. ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡದ ಅಪ್ಪ-ಅಮ್ಮಂದಿರಿಗೆ ಇಂಥ ಪತ್ರ ಬಂದರೆ ‘ನಮ್ಮ ಮಗುವಿಗೆ ಹುಚ್ಚು ಅಂತಾರೆ’ ಎಂದು ಗಾಬರಿಯಾಗಬೇಕಿಲ್ಲ. ಅದು ಕಣ್ಣಿನ ಪರೀಕ್ಷೆಯ ಚೀಟಿಗಿಂತ ದೊಡ್ಡದೇನಲ್ಲ. ಮಗುವನ್ನು ಕ್ಲಾಸಿನಿಂದ ಎಬ್ಬಿಸಿ ಕರೆದುಕೊಂಡು ಹೋಗುವ ಪದ್ಧತಿಯೂ ಇದರಲ್ಲಿ ತಪ್ಪುತ್ತದೆ. ನಡೆಯುವುದೆಲ್ಲ ಪೋಷಕರ ಫೋನಿನಲ್ಲಿ.

ಹದಿಹರೆಯದವರ ಲೆಕ್ಕ ಬೇರೆ. ಅವರಿಗೆ ಅಪ್ಪ-ಅಮ್ಮ ಮಧ್ಯೆ ಬರುವುದು ಬೇಡ, ತಾವೇ ಮಾಡಬೇಕು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಸಾಲಿ ಮೆರ್ರಿ ಮತ್ತು ಸಂಗಡಿಗರು ಮಾಡಿದ ಸ್ಪಾರ್ಕ್ಸ್ ಒಂದು ಫ್ಯಾಂಟಸಿ ವಿಡಿಯೊ ಗೇಮ್. ಏಳು ಲೋಕಗಳು, ಆಟಗಾರ ಕತ್ತಲೆಯ ಯೋಚನೆಗಳನ್ನು ಹೊಡೆದುರುಳಿಸುತ್ತಾ ಸಿಬಿಟಿ ಕಲಿಯುತ್ತಾನೆ. 2012ರಲ್ಲಿ 187 ಹದಿಹರೆಯದವರ ಮೇಲೆ ನಡೆದ ಅಧ್ಯಯನದಲ್ಲಿ ಮಾಮೂಲು ಕೌನ್ಸೆಲಿಂಗಿಗಿಂತ ಅದು ಹಿಂದೆ ಬೀಳಲಿಲ್ಲ. ಖಿನ್ನತೆಯಿಂದ ಪೂರ್ಣ ಹೊರಬಂದವರು ಗೇಮ್ ಆಡಿದವರಲ್ಲೇ ಹೆಚ್ಚು, 43.7% ವಿರುದ್ಧ 26.4%. ಇಲ್ಲೂ ಒಂದು ವಿಷಯ ಗಮನಿಸಬೇಕು. ಆ ಮಕ್ಕಳು ಬಂದದ್ದು ಇಂಟರ್ನೆಟ್ಟಿನಿಂದಲ್ಲ, ಶಾಲಾ ಕೌನ್ಸೆಲರ್, ಯುವ ಕ್ಲಿನಿಕ್ ಮತ್ತು ಡಾಕ್ಟರ್‌ಗಳ ಬಳಿಗೆ ನೆರವು ಕೇಳಿ ಬಂದವರು. ಯಾರೋ ಒಬ್ಬರು ಆ ಸಿಡಿಯನ್ನು ಕೈಗೆ ಕೊಟ್ಟು, ಹೇಗಿದ್ದೀಯ ಎಂದು ಕೇಳಿದ್ದರು.

ರಾತ್ರಿ ಹತ್ತು ಗಂಟೆಯ ಸಮಸ್ಯೆ

ಹದಿನಾಲ್ಕರ ಹುಡುಗ ರಾತ್ರಿ ಹತ್ತಕ್ಕೆ ಪಾಠದ ಖಾನೆಯಲ್ಲಿ ‘ಬದುಕೋದೇ ಬೇಡ ಅನ್ನಿಸುತ್ತೆ’ ಎಂದು ಟೈಪ್ ಮಾಡಿದರೆ ಅದನ್ನು ಓದುವವರು ಯಾರು, ಯಾವಾಗ? ಯಾವ ಶಾಲೆಯೇ ಆಗಲಿ, ಈ ಪ್ರಶ್ನೆಗೆ ಬರಹದಲ್ಲಿ ಉತ್ತರ ಇಲ್ಲದಿದ್ದರೆ ಲಾಗಿನ್ ಕೊಡುವ ಮೊದಲೇ ನಿಲ್ಲಿಸುವುದು ಒಳ್ಳೆಯದು. ಖಾನೆಯನ್ನು ಯಾರೂ ಓದುವುದಿಲ್ಲ ಎಂದಾದರೆ ಅದನ್ನು ಮಗುವಿಗೆ ಮೊದಲೇ ಸ್ಪಷ್ಟವಾಗಿ ಹೇಳಿ, ತುರ್ತು ನಂಬರ್ ಅದೇ ಪರದೆಯ ಮೇಲಿರಬೇಕು. ಓದುತ್ತಾರೆ ಎಂದಾದರೆ ಓದುವವರ ಡ್ಯೂಟಿ, ರಜೆ, ಬದಲಿ ಎಲ್ಲವೂ ಗೊತ್ತಿರಬೇಕು. ಸ್ವಂತಕ್ಕೆ ಹಾನಿ ಮಾಡಿಕೊಳ್ಳುವ ಮಗು, ದೌರ್ಜನ್ಯಕ್ಕೆ ಒಳಗಾದ ಮಗು, ಊಟ ಬಿಟ್ಟು ಸೊರಗುತ್ತಿರುವ ಮಗು, ಇವರಿಗೆ ಸ್ವಸಹಾಯದ ಆನ್‌ಲೈನ್ ಪಾಠ ಸಾಲದು; ನೇರ ತಜ್ಞರ ಬಳಿಗೇ ಹೋಗಬೇಕು.

ಉಳಿದವು ಸಣ್ಣಪುಟ್ಟ ವಿಷಯಗಳು, ಆದರೆ ಕಾರ್ಯಕ್ರಮ ಸಾಯುವುದು ಇಂಥವುಗಳಲ್ಲೇ. ಶಾಲೆಯ ಇಂಟರ್ನೆಟ್ ಫಿಲ್ಟರ್ ಸೈಟನ್ನೇ ತಡೆದಿರುತ್ತದೆ. ಫೋನಿನಲ್ಲಿ ಮಾತಾಡಲು ಪ್ರಾಕ್ಟೀಷನರ್‌ಗೆ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಇರುವುದಿಲ್ಲ. ಶಿಫ್ಟ್ ಕೆಲಸದ ಅಮ್ಮನಿಗೆ ಶಾಲೆಯ ಸಮಯದಲ್ಲಿ ಫೋನ್ ಎತ್ತಲಾಗುವುದಿಲ್ಲ. ಪರೀಕ್ಷೆ ಬಂತು, ಎರಡು ವಾರ ಬಿಟ್ಟುಹೋಯಿತು, ಮತ್ತೆ ಯಾರೂ ತೆರೆಯಲಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಒಂದಿದೆ. ಮಗುವಿನ ಭಯ ಉತ್ಪ್ರೇಕ್ಷಿತವಾದಾಗ ಮಾತ್ರ ಏಣಿ ಕೆಲಸ ಮಾಡುತ್ತದೆ. ಬಸ್ಸಿನಲ್ಲಿ ದಿನಾ ಹಿಡಿದು ಕಾಡುವ ದೊಡ್ಡ ಹುಡುಗರಿದ್ದರೆ, ಹೊಡೆಯುವ ಮೇಷ್ಟ್ರಿದ್ದರೆ, ಮಗುವಿನ ಊಹೆ ಸರಿಯಾಗಿಯೇ ಇದೆ. ಅಲ್ಲಿ ಬದಲಾಗಬೇಕಾದದ್ದು ಮಗುವಿನ ಯೋಚನೆಯಲ್ಲ, ಶಾಲೆ. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ದೂರನ್ನು ಕೌನ್ಸೆಲಿಂಗ್ ಕೋಣೆಗೆ ಕಳಿಸಿ ಕೈತೊಳೆದುಕೊಳ್ಳುವುದು ಅನ್ಯಾಯ.

ನಮ್ಮ ಕಡೆ ಏನಿದೆ

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ 7.3% ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತು. ಸಮೀಕ್ಷೆ ನಡೆದ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಪೂರ್ವಭಾವಿ ಪ್ರಯೋಗ ಮಾತ್ರ ಕೋಲಾರದಲ್ಲಿ ನಡೆದಿತ್ತು.

ಶಾಲೆಯೊಳಗೆ ನಿಜವಾಗಿ ಮಾಡಿ ನೋಡಿದ ಪ್ರಯೋಗವೆಂದರೆ ಗೋವಾ ಮೂಲದ ಸಂಗತ್ ಸಂಸ್ಥೆಯದು. ಅವರ ಪ್ರೈಡ್ ಯೋಜನೆಯಲ್ಲಿ ದೆಹಲಿಯ ಆರು ಸರ್ಕಾರಿ ಶಾಲೆಗಳ ಸುಮಾರು 250 ಮಕ್ಕಳಿಗೆ ಸಮಸ್ಯೆ ಬಿಡಿಸುವ ವಿಧಾನ ಕಲಿಸಿದರು. ಇದು ಸಿಬಿಟಿ ಕುಟುಂಬದ್ದೇ ಒಂದು ಸರಳ ಪದ್ಧತಿ: ಸಮಸ್ಯೆ ಗುರುತಿಸು, ದಾರಿಗಳನ್ನು ಯೋಚಿಸು, ಒಂದನ್ನು ಮಾಡಿ ನೋಡು. ಅರ್ಧದಷ್ಟು ಮಕ್ಕಳಿಗೆ ಚಿತ್ರಕಥೆಯ ಪುಸ್ತಿಕೆ ಮಾತ್ರ. ಉಳಿದವರಿಗೆ ಪುಸ್ತಿಕೆಯ ಜೊತೆ ಕೌನ್ಸೆಲರ್. ಈ ಕೌನ್ಸೆಲರ್‌ಗಳು ಮನಶ್ಶಾಸ್ತ್ರಜ್ಞರಲ್ಲ, ಥೆರಪಿಯ ತರಬೇತಿ ಮೊದಲು ಇಲ್ಲದಿದ್ದ ಪದವೀಧರರು. 2020ರ ವರದಿ: ಕೌನ್ಸೆಲರ್ ಇದ್ದ ಕಡೆ ಮಕ್ಕಳು ತಾವೇ ಹೇಳಿಕೊಂಡ ಸಮಸ್ಯೆಗಳ ಭಾರ ಹೆಚ್ಚು ಇಳಿಯಿತು. ಆದರೆ ಆರು ವಾರಕ್ಕೆ ಮಾನಸಿಕ ಲಕ್ಷಣಗಳ ಅಳತೆಯಲ್ಲಿ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಫಲಿತಾಂಶ ಹೀಗೆ ಮಿಶ್ರವಾಗಿದ್ದರೂ ಅಲ್ಲಿ ಬೇಕಾದ ಸುಳಿವು ಇದೆ. ಅದೇ ವಿಧಾನವನ್ನು ಪಾಡ್ ಅಡ್ವೆಂಚರ್ಸ್ ಎಂಬ ಮೊಬೈಲ್ ಗೇಮ್ ಮಾಡಿ, ಗೋವಾದ ಶಾಲೆಗಳಲ್ಲಿ ಕೌನ್ಸೆಲರ್ ಜೊತೆಗಿಟ್ಟುಕೊಂಡೇ ಆಡಿಸಿದರು. ಇಂಗ್ಲೆಂಡಿನವರ ಹಾಗೆ ಇವರೂ ಮನುಷ್ಯರನ್ನು ತೆಗೆದುಹಾಕಲಿಲ್ಲ.

ಕರ್ನಾಟಕದಲ್ಲಿ ಇದನ್ನು ಮಾಡುವುದಾದರೆ ಓಸಿಯನ್ನು ಹಾಗೇ ಅನುವಾದಿಸಿ ತರುವುದು ಬೇಡ. ಅಲ್ಲಿನ ವಿನ್ಯಾಸ ಪೋಷಕರಿಗೆ ತಮ್ಮದೇ ಲ್ಯಾಪ್‌ಟಾಪ್, ಓದುವ ರೂಢಿ, ರಾತ್ರಿ ಅರ್ಧ ಗಂಟೆ ಬಿಡುವು ಇದೆ ಎಂದು ಭಾವಿಸುತ್ತದೆ. ಮನೆಗೆ ಒಂದೇ ಸ್ಮಾರ್ಟ್‌ಫೋನ್, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗುವ ಕಡೆ ಪಾಠ ಆಡಿಯೊ ಆಗಬೇಕು, ಚಿಕ್ಕದಾಗಬೇಕು, ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆ ಕೇಳಿಸಬೇಕು. ಕಲಬುರಗಿಯ ಮಗುವಿಗೂ ಕುಂದಾಪುರದ ಮಗುವಿಗೂ ಒಂದೇ ಪುಸ್ತಕದ ಕನ್ನಡ ಹಿಡಿಸುತ್ತದೆಯೇ ಎಂದೂ ನೋಡಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ 18ರೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಹತ್ತು ವರ್ಷದವರಿಗೆ ಇದು ಸರಿ. ಹದಿನೇಳರ ಹುಡುಗಿಯ ಭಯದ ಮೂಲ ಮನೆಯಲ್ಲೇ ಇದ್ದರೆ ಅವಳಿಗೆ ಈ ಬಾಗಿಲು ತೆರೆಯುವುದು ಹೇಗೆ ಎಂಬುದನ್ನು ಯೋಜನೆ ಮಾಡುವವರು ಮೊದಲೇ ಯೋಚಿಸಬೇಕು.

ಫೋನಿನಲ್ಲಿ ನೆರವು ಕೊಡುವ ಅಭ್ಯಾಸ ನಮಗೆ ಹೊಸದಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್, ಅಂದರೆ 14416, ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುತ್ತಿದೆ, ಕನ್ನಡದಲ್ಲೂ ಮಾತಾಡುತ್ತಾರೆ. ಆದರೆ ಅದು ಕಷ್ಟ ಬಂದಾಗ ನಾವು ಕರೆಯುವ ನಂಬರ್. ಆನ್‌ಲೈನ್ ಸಿಬಿಟಿಗೆ ಬೇಕಾದದ್ದು ಗುರುವಾರ ಆ ಕಡೆಯಿಂದಲೇ ಬರುವ ಕರೆ: ಅದೇ ದನಿ, ಹೋದ ವಾರ ಎಲ್ಲಿಗೆ ನಿಂತಿತ್ತು ಎಂದು ನೆನಪಿಟ್ಟುಕೊಂಡಿರುವವರು. ಒಂದು ಕ್ಲಸ್ಟರಿನ ಶಾಲೆಗಳಿಗೆ ಸೇರಿ ಅಂಥ ಒಬ್ಬರನ್ನು, ಅವರ ಮೇಲೆ ವಾರಕ್ಕೊಮ್ಮೆ ಕೇಸ್ ಚರ್ಚಿಸುವ ಒಬ್ಬ ಮನಶ್ಶಾಸ್ತ್ರಜ್ಞರನ್ನು ನೇಮಿಸುವ ಬಜೆಟ್ ಮೊದಲು ಬರಲಿ. ಆ್ಯಪ್‌ನ ಟೆಂಡರ್ ಆಮೇಲೆ ಕರೆದರಾಯಿತು.